ನೂರಾ ಹನ್ನೆರಡು ಬಾರ್ ಎರಡು

ಒಂದು ಹಿಸ್ಸಾಕ್ಕ ಹತ್ತು ರೂಪಾಯಿ.
ಹೊಲದಾಗ ನಿಂತು ಫೋಟೋ ಹೊಡೀಬೇಕು,
ಬೆಳಿ ಹೆಸರು ಆರಿಸಬೇಕು,
'ಮುಂದೆ' ಅಂತ ಒತ್ತಬೇಕು.
ಮುನ್ನೂರ ನಲವತ್ತು ಹಿಸ್ಸಾ ನನ್ನ ಪಾಲಿಗಿ ಬಂದಿದ್ವು
ಆ ಮುಂಗಾರಿನಾಗ, ಘಟಪ್ರಭಾ ಹೊಳಿ
ಬೀಳಗಿ ರಸ್ತಾದ ಮ್ಯಾಲ ಬಂದು ಕುಂತಾಗ.

ಕೆಲವು ಹೊಲಕ್ಕ ಹೋದೆ. ಕೆಲವಕ್ಕ ಹೋಗಲಿಲ್ಲ.
ಎರಿ ಮಣ್ಣು ಚಪ್ಪಲಿ ಕಸಕೊಂಡು
ತಿರುಗಿ ಕೊಡದ ದಿವಸ ಅವು.
ಕಾಲುವಿ ಒಡ್ಡಿನ ಮ್ಯಾಲ ನಿಂತು
ದೂರದಿಂದ ಹಿಗ್ಗಿಸಿ ಹೊಡೆದೆ.
ಮೊಬೈಲಿನಾಗ ಬದುವಿನ ಗೆರಿ ನಡುಗತಿದ್ವು,
ನೀಲಿ ಚುಕ್ಕಿ ಒಮ್ಮೆ ಬಾರ್ ಎರಡರಾಗ, ಒಮ್ಮೆ ಬಾರ್ ಮೂರರಾಗ.
ಹೂ ಯಾವುದರಾಗ, ಸಜ್ಜಿ ಯಾವುದರಾಗ,
ಬೆರಳು ಅಂದಾಜಿಗೆ ಹೇಳಿತು.
ಮುಂದೆ.

ಮುಂದ ಯುಗಾದಿ ಬಂತು,
ಬಾಗಿಲು ಹಾಕಿಕೊಂಡ ಬಂತು.
ಮದುವಿ ನಿಂತ್ವು, ಗುಡಿಗೆ ಕೀಲಿ ಬಿತ್ತು,
ದರ್ಗಾದಾಗೂ ಯಾರೂ ಹೂ ಕೇಳಲಿಲ್ಲ.
ಕಾಶವ್ವ ಹೂಗಾರ ನಸಿಕಿನ್ಯಾಗ ಎದ್ದು
ರೂಢಿಗೆ ಎರಡು ದಿವಸ ಬಿಡಿಸಿದಳು,
ಮೂರನೇ ದಿವಸ ಬುಟ್ಟಿ ಬೋರಲ ಹಾಕಿದಳು.
ಗಲಾಟಿ ಹೂ ಗಿಡದಾಗ ಕಂದಿದ್ವು.
ಎಮ್ಮಿ ಸೈತ ಮೂಸಿ ನೋಡಿ ಬಿಟ್ಟಿತು.

ಆಮ್ಯಾಲ ಟಿವಿಯಾಗ ಅಂದ್ರು:
ಹೂ ಬೆಳೆದವರಿಗೆ ಪರಿಹಾರ, ಹೆಕ್ಟೇರಿಗಿಷ್ಟು.
ಅರ್ಜಿ ಬ್ಯಾಡ, ಅಲೆದಾಡೋದು ಬ್ಯಾಡ,
ಹೋದ ವರ್ಷದ ಸರ್ವೇದಾಗ ಹೂ ಅಂತ ಇದ್ರ
ರೊಕ್ಕ ತಾನ ಬರ್ತೈತಿ.
ಕಾಶವ್ವ ಮೊಮ್ಮಗನ ಫೋನು ಸೆರಗಿಗೆ ಕಟ್ಟಿಕೊಂಡು
ಹದಿನೇಳು ದಿವಸ ತಿರುಗಿದಳು.
ಯಾರಿಗಾದ್ರೂ ಹಚ್ಚಿ ಕೇಳೋಣಂದ್ರ
ಮೊದಲ ಒಂದು ಕೆಮ್ಮು, ಆಮ್ಯಾಲ ಕೈ ತೊಳೀರಿ.

ಲಾಲಸಾಬ ನದಾಫ ನಮ್ಮ ಕಟ್ಟಿಗೆ ಬಂದ,
ದೂರ ಕುಂತ, ಟಾವೆಲ್ಲು ಬಾಯಿಗೆ.
"ತಂಗಿ, ನೀ ಕಲತಾಕಿ. ಇದನ್ನೊಂಚೂರು ಓದು."
ಓದಿದೆ. ಒಂಬತ್ತು ಸಾವಿರದ ಏಳುನೂರು, ಜಮಾ.
"ಯಾತಕ್ಕಂತ?"
"ಹೂವಿಗಿ, ಕಾಕಾ."
ಅಂವ ಬಾಳೊತ್ತು ಸುಮ್ಮನಿದ್ದ.
"ನನ್ನ ಹೊಲದಾಗ ಸಜ್ಜಿ ಇತ್ತವಾ,
ಅದರಾಗೂ ಅರ್ಧ ಗುಬ್ಬಿ ತಿಂದ್ವು.
ಹೂ ಯಾವಾಗ ಅರಳಿದ್ವು?
ನನಗ ಯಾರೂ ಹೇಳಲಿಲ್ಲಲ್ಲ!"

ನಗಲಿ ಅಂತನ ಅಂದಿದ್ದ.
ದುಪಟ್ಟಾದ ತುದಿ ಬೆರಳಿಗೆ ಸುತ್ತತಿದ್ದೆ,
ಅದ ಬೆರಳಿಗೆ.
"ಅದು ಕಾಶವ್ವನ ರೊಕ್ಕ" ಅಂದೆ.
ಮುಂದಿನ ಮಾತು ಗಂಟಲದಾಗ ನಿಂತಿತು.
"ಸರ್ವರ್ ತಪ್ಪು" ಅಂದೆ.

ತೋಟಗಾರಿಕಿ ಕಚೇರಿಯವರು ಕಿಟಕ್ಯಾಗಿಂದ ಅಂದ್ರು:
ಈಗ ತಿದ್ದಾಕ ಬರಂಗಿಲ್ಲ, ಆ್ಯಪ್ ಬಂದಾಗೈತಿ.
ಮೂರು ಸಾವಿರ ಆಗಲೇ ಮೋಟಾರ ವೈಂಡಿಂಗಿಗೆ ಹೋಗಿತ್ತು.
ಉಳಿದದ್ದು ಕ್ಯಾಲೆಂಡರ ಹಾಳಿಯಾಗ ಸುತ್ತಿ
ಲಾಲಸಾಬ ಬದುವಿನ ಕಲ್ಲಿನ ಮ್ಯಾಲಿಟ್ಟ,
ಹಿಂದಕ್ಕ ಸರಿದು ನಿಂತ.
ನೋಟಿಗೂ ಹೆದರೋ ಕಾಲ.
ಕಾಶವ್ವ ಅರಿಷಿಣ ನೀರು ಚಿಮುಕಿಸಿದಳು,
ಎಣಿಸಲಿಲ್ಲ,
ಐನೂರರ ಒಂದು ನೋಟು ತಿರುಗಿ ಕಲ್ಲಿನ ಮ್ಯಾಲಿಟ್ಟಳು.
"ನಿನ್ನ ಹೆಸರಿಲೆ ಬಂದೈತಿ, ಲಾಲಣ್ಣ.
ಸರಕಾರ ಸುಳ್ಳಾಗಬಾರದು. ಬೀಜಾ ತಗೋ."

ನನ್ನ ಮೂರು ಸಾವಿರದ ನಾಕನೂರು ಇನ್ನೂ ಬಂದಿಲ್ಲ.
ಕೇಳಿದ್ರ, ಸರ್ವರ್ ಅಂತಾರ.

ಮರುವರ್ಷ ಮತ್ತ ಅದ ಕೆಲಸ, ಅದ ಹತ್ತು ರೂಪಾಯಿ.
ಚಪ್ಪಲಿ ಕೈಯಾಗ ಹಿಡಕೊಂಡು ಇಳಿದೆ.
ಬಾರ್ ಮೂರರಾಗ, ಸಜ್ಜಿ ನಡುವ,
ಗಂಡಸು ಹಚ್ಚಿದ್ದಂತ ನೋಡಿದ ಕೂಡಲೇ ತಿಳಿಯೋಹಂಗ
ಒಂದು ಸೊಟ್ಟ ಸಾಲು ಚೆಂಡುಹೂ.
ಅದರ ಫೋಟೋ ಹೊಡೆದೆ. ಬೆಳಿ ಹೆಸರಿನ ಮುಂದ
ಬೆರಳು ಬಾಳೊತ್ತು ನಿಂತಿತು.

ಬಾರ್ ಎರಡರಾಗ ಕಾಶವ್ವ ಬಗ್ಗಿದ್ದಳು,
ಉಡಿಯಾಗ ಹೂ. ತಲಿ ಎತ್ತಲಿಲ್ಲ.
"ಬಂದಿ? ಬಾ.
ಹೋದ ಸಲ ಒಡ್ಡಿನ ಮ್ಯಾಲ ನಿಂತಾಗನ ಕೂಗಿದ್ದೆ,
ನಿನಗ ಕೇಳಲಿಲ್ಲ."